ಎಂಪಿ ಎಲೆಕ್ಷನ್ನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಎಂತಕ್ಕೆ ಹೀಗೆ? ಹಳಬರು ಸ್ವಲ್ಪ ಹೇಳಿ

ಅಘನಾಶಿನಿ ದಂಡೆ (ಕುಮಟಾ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರು ಮಾಡ್ಕೊಳ್ಳದೆ ಓದಿ.

ನಂಗೆ 27 ವರ್ಷ. ನಂಗೆ ಬುದ್ಧಿ ಬಂದಾಗಿಂದ ನಮ್ಮ ಲೋಕಸಭಾ ಕ್ಷೇತ್ರ ಅಂದ್ರೆ ಹೆಚ್ಚುಕಮ್ಮಿ ಒಂದೇ ಹೆಸರು ಕೇಳಿದ್ದು. 1996, 1998, 2004, 2009, 2014, 2019 ಎಲ್ಲ ಬಿಜೆಪಿಯ ಅನಂತಕುಮಾರ ಹೆಗಡೆಯವರು, ಮಧ್ಯ 1999ರಲ್ಲಿ ಒಂದೇ ಒಂದ್ಸಲ ಕಾಂಗ್ರೆಸ್ಸಿನ ಮಾರ್ಗರೆಟ್ ಆಳ್ವ, ಈಗ 2024ರಿಂದ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರು. ಯಾವ ಪಕ್ಷ ಒಳ್ಳೇದು ಯಾವ್ದು ಕೆಟ್ಟದ್ದು ಅನ್ನೋ ಜಗಳ ನಂಗೆ ಬೇಡ, ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಉಂಟು. ನಂಗೆ ಬೇಕಾಗಿದ್ದು ನಮ್ಮ ಕ್ಷೇತ್ರದ ಗುಣ ಎಂಥದ್ದು ಅಂತ.

ಎಂತಕ್ಕೆ ಕೇಳ್ತಿದ್ದೇನೆ ಅಂದ್ರೆ, ಹೋದ ಮಳೆಗಾಲದಲ್ಲಿ ರಾತ್ರಿ ಹನ್ನೊಂದೂವರೆಗೆ ಅಪ್ಪಂಗೆ ಎದೆನೋವು ಶುರುವಾಯ್ತು. ಹತ್ತಿರದ ಆಸ್ಪತ್ರೆಗೆ ಹೋದ್ರೆ ಇಸಿಜಿ ಮಾಡಿ ಇಲ್ಲಿ ಆಗೂದಿಲ್ಲ ಮುಂದೆ ಕರ್ಕೊಂಡು ಹೋಗಿ ಅಂದ್ರು. ಮುಂದೆ ಅಂದ್ರೆ ಮಣಿಪಾಲ, ಇಲ್ಲಿಂದ 120 ಕಿಲೋಮೀಟರ್ ಮೇಲೆ. ನಾನು ಆಂಬುಲೆನ್ಸಿನ ಹಿಂದೆ ಅಪ್ಪನ ಕಾಲ ಹತ್ರ ಕೂತಿದ್ದೆ, ನಂಗೆ ಕಾಣ್ತಾ ಇದ್ದಿದ್ದು ಆಕ್ಸಿಜನ್ ಸಿಲಿಂಡರಿನ ಮೀಟರ್ ಮುಳ್ಳು ಒಂದೇ. ಹೊನ್ನಾವರದ ಸೇತುವೆ ದಾಟುವಾಗ ಎಲ್ಲಿತ್ತು, ಮುರ್ಡೇಶ್ವರದ ಕ್ರಾಸಲ್ಲಿ ಎಲ್ಲಿತ್ತು, ಶಿರೂರು ಟೋಲ್ ಹತ್ರ ಎಲ್ಲಿಗೆ ಇಳಿದಿತ್ತು, ಎಲ್ಲ ಈಗ್ಲೂ ಕಣ್ಣು ಮುಚ್ಚಿದ್ರೆ ಕಾಣ್ತದೆ. ಅಪ್ಪ ಉಳ್ಕೊಂಡ್ರು, ದೇವರು ದೊಡ್ಡವನು. ಆದ್ರೆ ಬೈಂದೂರು ದಾಟಿದ ಮೇಲೆ ಅಮ್ಮ ಒಂದು ಮಾತು ಹೇಳಿದ್ರು, "ನಾನು ಮದುವೆ ಆಗಿ ಬಂದಾಗಿಂದ ಒಂದು ಓಟೂ ತಪ್ಪಿಸ್ಲಿಲ್ಲ ಮಗಾ, ಒಂದು ಆಸ್ಪತ್ರೆ ಆಗ್ಲಿಲ್ಲ ನೋಡು" ಅಂತ. ನಂಗೆ ಉತ್ತರ ಹೇಳೂಕೆ ಬರ್ಲಿಲ್ಲ.

2019ರಲ್ಲಿ ಟ್ವಿಟರ್‌ನಲ್ಲಿ ಆಸ್ಪತ್ರೆ ಬೇಕು ಅಂತ ಅಭಿಯಾನ ನಡೆದಾಗ ನಾನು ಕಾಲೇಜಲ್ಲಿದ್ದೆ, ನಾನೂ ಹಾಕಿದ್ದೆ. 2022ರಲ್ಲಿ ಮತ್ತೆ ನಡೀತು. ಇಷ್ಟು ಕೂಗು ಎದ್ದ ಮೇಲೂ ಎಲೆಕ್ಷನ್ ಬಂದಾಗ ಅದ್ರ ಸುದ್ದಿ ಯಾಕೆ ಮುಂದೆ ಬರೂದಿಲ್ಲ? ಮೊದ್ಲಿಂದ್ಲೂ ಹೀಗೇನಾ, ಅಥವಾ 90ರ ಮೇಲೆ ಹೀಗಾಯ್ತಾ? ಹಳೇದು ಗೊತ್ತಿದ್ದವರು ದಯವಿಟ್ಟು ಬರೀರಿ.

ಸೊಪ್ಪಿನಬೆಟ್ಟ (ಶಿರಸಿ)

ತಮಾ, ನಿನ್ನ ಅಪ್ಪಯ್ಯ ಹುಷಾರಾದ್ರಲ್ಲ, ಅದು ಮೊದ್ಲು ಸಮಾಧಾನ. ನಾನು ರಿಟೈರ್ಡ್ ಮಾಸ್ತರು, ಮೂವತ್ತು ವರ್ಷದ ಮೇಲೆ ಎಲೆಕ್ಷನ್ ಡ್ಯೂಟಿ ಮಾಡಿದವನು. ಗೊತ್ತಿದ್ದಷ್ಟು ಹೇಳ್ತೆ.

ಮೊದ್ಲು ಒಂದು ತಿಳ್ಕೊ, ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಕಡೆ ಇತ್ತು. ಹಾಗಾಗಿ 1952ರ ಮೊದಲ ಎಲೆಕ್ಷನ್ನಲ್ಲಿ ನಾವು ಓಟು ಹಾಕಿದ್ದು ಮುಂಬೈ ರಾಜ್ಯದವರಾಗಿ. ಆಗ ಗೆದ್ದವರು ಜೋಕಿಂ ಆಳ್ವ, ಕಾಂಗ್ರೆಸ್. 1957, 1962 ಎರಡೂ ಸಲ ಮತ್ತೆ ಅವರೇ. ಅವರ ಹೆಂಡತಿ ವೈಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿ ಆಗಿದ್ರು, ಮತ್ತೆ ನೀನು ಬರೆದ ಮಾರ್ಗರೆಟ್ ಆಳ್ವ ಇದ್ದಾರಲ್ಲ ಅವರು ಇವರ ಸೊಸೆ. ಮಾವ ಮೂರು ಸಲ ಗೆದ್ದ ಕ್ಷೇತ್ರದಲ್ಲಿ 37 ವರ್ಷ ಬಿಟ್ಟು ಸೊಸೆ ಗೆದ್ದದ್ದು. ಅಂದ್ರೆ ಹೊರಗಿನವರು, ದೊಡ್ಡ ಹೆಸರಿನವರು ಬಂದು ನಿಂತ್ರೆ ಓಟು ಹಾಕೋ ರೂಢಿ ಇಲ್ಲಿ ಮೊದ್ಲಿಂದ ಇತ್ತು.

ಆದ್ರೆ ಮಧ್ಯ ಒಂದು 1967 ಬಂತು ನೋಡು. ಆ ಸಲ ಗೆದ್ದವರು ದಿನಕರ ದೇಸಾಯಿ, ಪಕ್ಷೇತರ. ಚುಟುಕ ಬರೆದವರು ಅಂತ ಎಲ್ಲರಿಗೂ ಗೊತ್ತು, ಆದ್ರೆ ಅವರ ದೊಡ್ಡ ಕೆಲಸ ರೈತ ಚಳವಳಿ. ಅಂಕೋಲೆ ಕಡೆ ಗೇಣಿ ರೈತರನ್ನ ಕಟ್ಟಿಕೊಂಡು ಒಡೇರ, ಅಂದ್ರೆ ಜಮೀನ್ದಾರರ ಎದುರು ನಿಂತವರು, ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡೀಪಾರಾಗಿದ್ದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿ ಹೈಸ್ಕೂಲು ಕಾಲೇಜು ಕಟ್ಟಿದ್ರು, ಗೇಣಿ ರೈತರ ಮಕ್ಕಳು, ಹಾಲಕ್ಕಿ ಮಕ್ಕಳು, ಮೀನುಗಾರರ ಮಕ್ಕಳು ಮೊದಲ ಸಲ ಹೈಸ್ಕೂಲ್ ಮೆಟ್ಟಿಲು ಹತ್ತಿದ್ದು ಆ ಶಾಲೆಗಳಲ್ಲಿ. ಅಂಥವರಿಗೆ ಯಾವ ಪಕ್ಷದ ಚಿಹ್ನೆ ಇಲ್ಲದೆ ಈ ಜನ ಓಟು ಹಾಕಿ ದಿಲ್ಲಿಗೆ ಕಳಿಸಿದ್ದಾರೆ. ಹಾಗಾಗಿ ನಮ್ಮ ಜನಕ್ಕೆ ಕೆಲಸ ನೋಡಿ ಓಟು ಹಾಕೋದು ಗೊತ್ತೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪೂದಿಲ್ಲ.

ಆಮೇಲೆ 1971ರಲ್ಲಿ ಬಿ.ವಿ. ನಾಯ್ಕ, 1977ರಲ್ಲಿ ಬಿ.ಪಿ. ಕದಂ, 1980ರಿಂದ 1991ರವರೆಗೆ ಸತತ ನಾಲ್ಕು ಸಲ ಜಿ. ದೇವರಾಯ ನಾಯ್ಕ. ಎಲ್ಲ ಕಾಂಗ್ರೆಸ್. ಯಾಕೆ ಅಂದ್ರೆ 1974ರ ಭೂಸುಧಾರಣೆ. ಗದ್ದೆ ಉಳ್ತಿದ್ದವನ ಹೆಸರಿಗೆ ಪಹಣಿ ಬಂದದ್ದು ಸಣ್ಣ ವಿಷಯ ಅಲ್ಲ ತಮಾ. ನಮ್ಮೂರಲ್ಲಿ ಒಬ್ಬ ನಾಯ್ಕರು ಭೂಮಿ ತಮ್ಮ ಹೆಸರಿಗೆ ಆದ ಟ್ರಿಬ್ಯುನಲ್ ಆರ್ಡರನ್ನ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ಇಟ್ಟಿದ್ರು, ಗಾಜಿನ ಮೇಲೆ ಕುಂಕುಮ ಹಚ್ಚಿದ ಗುರುತು ಇರ್ತಿತ್ತು. ಆ ಮನೆ ಓಟು ಎಲ್ಲಿಗೆ ಹೋಗ್ತಿತ್ತು ಅಂತ ಬೇರೆ ಹೇಳೂದು ಬೇಡ. ಆ ತಲೆಮಾರು ಹೋಯ್ತು, ಮಕ್ಕಳಿಗೆ ಭೂಮಿ ಸಿಕ್ಕಿದ್ದು ಹುಟ್ಟಿದಾಗ್ಲೇ ಇದ್ದ ಸಂಗತಿ, ಅದಕ್ಕೆ ಋಣ ಅಂತ ಅನ್ಸೂದಿಲ್ಲ. ಕಾಂಗ್ರೆಸ್ ಸಡಿಲಾದ ಕಾರಣದಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ.

ಈಗ ನಾನು ಹೇಳ್ಬೇಕು ಅಂತ ಬಂದ ಮುಖ್ಯ ಮಾತು. ನಮ್ಮ ಜಿಲ್ಲೆಯ ದೊಡ್ಡ ದೊಡ್ಡ ತೊಂದ್ರೆ ಎಲ್ಲ ದಿಲ್ಲಿ ಕೈಯಲ್ಲಿದ್ದು. ಅರಣ್ಯ ಕಾಯ್ದೆ ದಿಲ್ಲಿದು, ರೈಲು ದಿಲ್ಲಿದು, ನೌಕಾನೆಲೆ, ಕೈಗಾ ಅಣುಸ್ಥಾವರ, ರಾಷ್ಟ್ರೀಯ ಹೆದ್ದಾರಿ, ಸಮುದ್ರ ದಂಡೆ ಕಾನೂನು ಎಲ್ಲ ಅಲ್ಲಿಂದ. ಬೇರೆ ಜಿಲ್ಲೆಯವರಿಗಿಂತ ನಮಗೆ ಎಂಪಿ ಜಾಸ್ತಿ ಬೇಕು. ಆದ್ರೆ ನಾವು ಇದನ್ನೆಲ್ಲ ಎಂಎಲ್‌ಎ ಹತ್ರ, ತಹಶೀಲ್ದಾರರ ಹತ್ರ ಕೇಳ್ತೊ, ಎಂಪಿ ಎಲೆಕ್ಷನ್ ಬಂದಾಗ ಮಾತ್ರ ದೇಶದ ವಿಷಯ ಮಾತಾಡ್ತೊ. ಅರಣ್ಯ ಜಾಗದ ಅತಿಕ್ರಮಣದ್ದೇ ತಗೋ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ದಾಖಲೆ ಕೊಡ್ಬೇಕು. ನಮ್ಮ ಪಕ್ಕದ ಕೇರಿಯ ಅಜ್ಜಿ ಒಬ್ರು ಒಂದು ಯೂರಿಯಾ ಚೀಲದ ಒಳಗೆ ಪ್ಲಾಸ್ಟಿಕ್ ಕೊಟ್ಟೆ, ಅದ್ರ ಒಳಗೆ ಕಾಗದ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ. ಅದ್ರಲ್ಲಿ ಇರೋದು ಒಂದು ಹಳೇ ದಂಡದ ರಸೀದಿ, ಜಿಪಿಎಸ್ ಸರ್ವೆ ಮಾಡಿದ ನಕ್ಷೆ, ಗೆದ್ದಲು ಹಿಡಿದ ಒಂದು ರೇಷನ್ ಕಾರ್ಡು. ಓದಲು ಬರೆಯಲು ಬಾರದ ಮನೆಯಲ್ಲಿ 75 ವರ್ಷದ ಹಿಂದಿನ ಕಾಗದ ಎಲ್ಲಿಂದ ತರೂದು? ಈ 75ನ್ನು ತಿದ್ದೋ ಅಧಿಕಾರ ಶಿರಸಿಯಲ್ಲೂ ಇಲ್ಲ ಬೆಂಗಳೂರಲ್ಲೂ ಇಲ್ಲ, ಪಾರ್ಲಿಮೆಂಟಲ್ಲಿ ಮಾತ್ರ. ಇದನ್ನ ಕೇಳಿ ಓಟು ಹಾಕಿದ ಎಲೆಕ್ಷನ್ ಒಂದಾದ್ರೂ ಆಯ್ದಾ ಅಂತ ನೆನಪು ಮಾಡ್ಕೊಂಡ್ರೆ ನಂಗೆ ಸಿಗ್ತಾ ಇಲ್ಲೆ.

ಕಾಳಿ ಕಡಲು (ಕಾರವಾರ)

ಮಾಸ್ತರೆ, ನೀವು ಹೇಳಿದ್ದು ಬಹಳಷ್ಟು ಸರಿ, ಆದ್ರೆ ಒಂದು ಬಿಟ್ಟಿದ್ದೀರಿ. ಕೇಳಿದ ಎಲೆಕ್ಷನ್ ಒಂದು ಇತ್ತು. 1989.

ಕೈಗಾ ಅಣುಸ್ಥಾವರ ಬೇಡ ಅಂತ ಹೋರಾಟ ಜೋರಾಗಿದ್ದ ಟೈಮು. ಆಗ ಸಾಕ್ಷಾತ್ ಶಿವರಾಮ ಕಾರಂತರು ಈ ಕ್ಷೇತ್ರದಿಂದ ಲೋಕಸಭೆಗೆ ನಿಂತಿದ್ರು. ಎಂಬತ್ತೇಳು ವರ್ಷದ ಮನುಷ್ಯ, ಪರಿಸರ ಉಳಿಸಿ ಅಂತ ಮತ ಕೇಳಿದ್ರು. ಗೆಲ್ಲಲಿಲ್ಲ, ದೇವರಾಯ ನಾಯ್ಕರೇ ಗೆದ್ರು. ಕೈಗಾ ಆಯ್ತು. 1994ರಲ್ಲಿ ಕಟ್ಟುತ್ತಿದ್ದಾಗಲೇ ಗುಮ್ಮಟದ ಒಳಭಾಗ ಕುಸಿದು ಬಿದ್ದಿತ್ತು, ಆಮೇಲೆ ರಿಪೇರಿ ಮಾಡಿ 2000ದಲ್ಲಿ ಕರೆಂಟು ಶುರುವಾಯ್ತು, ಈಗ 220 ಮೆಗಾವಾಟಿನ ನಾಲ್ಕು ಘಟಕ ನಡೀತಾ ಇದೆ. ನಾನು ಅದ್ರ ವಿರೋಧಿ ಅಂತ ಹೇಳ್ತಿಲ್ಲ, ನಮ್ಮ ಭಾವನೇ ಅಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡಿ ಮನೆ ಕಟ್ಟಿದ. ಆದ್ರೆ ಪ್ರಶ್ನೆ ಕೇಳಿದ ಅಭ್ಯರ್ಥಿ ಬಂದಿದ್ರು, ಜನ ಬೇರೆ ತೀರ್ಮಾನ ಮಾಡಿದ್ರು ಅನ್ನೋದು ದಾಖಲೆಯಲ್ಲಿ ಇರ್ಲಿ. ಆವಾಗ ಇಲ್ಲಿ ಕಾಂಗ್ರೆಸ್ಸು. ಆದ್ದರಿಂದ ಬಿಜೆಪಿ ಬಂದ ಮೇಲೆ ಜನ ಹೀಗಾದ್ರು ಅನ್ನೋದು ನಾನು ಒಪ್ಪೋದಿಲ್ಲ. ಚಿಹ್ನೆ ಬದಲಾಯ್ತು ಅಷ್ಟೆ, ಗುಣ ಅದೇ.

ಈಗ ಕಾರವಾರದ ಕತೆ ಹೇಳ್ತೇನೆ. 1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ್ರು, 2005ರಲ್ಲಿ ಉದ್ಘಾಟನೆ ಆಯ್ತು. ಅಂಕೋಲಾ ಕಡೆಯಿಂದ ಬರುವಾಗ ಅರ್ಗಾದಲ್ಲಿ ಹೆದ್ದಾರಿ ಪಕ್ಕ ಉದ್ದಕ್ಕೂ ಗೋಡೆ ಕಾಣ್ತದಲ್ಲ, ಅದ್ರ ಆಚೆ ನಮ್ಮ ಆಯಿಯ ತವರುಮನೆ ಇತ್ತು. ಬಾವಿ, ಎಂಟು ತೆಂಗಿನ ಮರ, ದೋಣಿ ಎಳೆದು ಹಾಕೋ ಜಾಗ. ಆಯಿ ಬಸ್ಸಲ್ಲಿ ಹೋಗುವಾಗ ಆ ಜಾಗ ಬಂದ್ರೆ ಸಾಕು ಮಾತು ನಿಲ್ಲಿಸ್ತಿದ್ರು, ಗೋಡೆ ಮುಗಿದ ಮೇಲೆ ಮತ್ತೆ ಮಾತು ಶುರು. ಸಾವಿರಾರು ಕುಟುಂಬ ಹೀಗೆ ಎದ್ದು ಹೋದದ್ದು. ಕೊಟ್ಟ ಪರಿಹಾರ ಸಾಲ್ದು ಅಂತ ಕೋರ್ಟಿಗೆ ಹೋದವರಲ್ಲಿ ಎಷ್ಟೋ ಜನ ಹಣ ಕೈಗೆ ಬರೂದ್ರ ಒಳಗೆ ತೀರಿಕೊಂಡ್ರು. ನಮ್ಮ ಮಾವನ ಟ್ರಂಕಿನಲ್ಲಿ ವಕೀಲರ ಪತ್ರ ಒಂದು ಕಟ್ಟು ಇದೆ, ಮೇಲಿನ ಪತ್ರ ಬಂದಾಗ ಮಾವ ಇರ್ಲಿಲ್ಲ.

ದೇಶ ಕಾಯೋ ನೆಲೆ ಅಂತ ನಮಗೂ ಹೆಮ್ಮೆ ಉಂಟು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ದೇಶಕ್ಕೆ ಅಂತ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟು, ದೇಶಕ್ಕೆ ಅಂತ ಕೈಗಾ, ದೇಶಕ್ಕೆ ಅಂತ ಸೀಬರ್ಡ್, ಎಲ್ಲ ಕೊಟ್ಟ ಮೇಲೆ ನಮ್ಮೂರಿನ ಹೆಣ್ಮಗಳಿಗೆ ಹೆರಿಗೆ ಕಷ್ಟ ಆದ್ರೆ ಗೋವಾಕ್ಕೆ ಓಡ್ಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜು 2016ರಲ್ಲಿ ಶುರು ಆದ್ರೂ ದೊಡ್ಡ ಕಾಯಿಲೆಗೆ ಜನ ಗಡಿ ದಾಟೋದು ನಿಂತಿಲ್ಲ. 2024ರ ಆಗಸ್ಟಲ್ಲಿ ಗೋವಾಕ್ಕೆ ಹೋಗೋ ಕಾಳಿ ಹಳೇ ಸೇತುವೆ ರಾತ್ರಿ ಕುಸಿದು ಬಿತ್ತಲ್ಲ, ಲಾರಿ ಸಮೇತ ಡ್ರೈವರ್ ನೀರಿಗೆ ಬಿದ್ದು ಬದುಕಿ ಬಂದ, ಬೆಳಗ್ಗೆ ನಾವೆಲ್ಲ ದಂಡೆ ಮೇಲೆ ನಿಂತು ನೋಡ್ತಾ ಇದ್ವಿ. ನನ್ನ ಪಕ್ಕ ನಿಂತ ರಿಕ್ಷಾದವರು ಹೇಳಿದ ಮೊದಲ ಮಾತು, "ಈಗ ಪೇಷಂಟ್ ಕರ್ಕೊಂಡು ಹೋಗೋದು ಹೆಂಗೆ?" ಹೊಸ ಸೇತುವೆ ಪಕ್ಕದಲ್ಲಿ ಇತ್ತು ಅಂತ ಬಚಾವು.

ಮಲಪ್ರಭಾ ನೀರು (ಕಿತ್ತೂರು)

ನಮಸ್ಕಾರ್ರೀ ಎಲ್ಲಾರಿಗೂ. ನೀವು ಎಲ್ಲಾರೂ ಸಮುದ್ರ, ಅಡಿಕಿ, ಕಾಡು ಅಂತ ಮಾತಾಡಾಕತ್ತೀರಿ, ಇದ ಕ್ಷೇತ್ರದಾಗ ನಾವೂ ಅದೀವಿ ಅನ್ನೂದು ನೆನಪಿರ್ಲಿ. ಎಂಟು ವಿಧಾನಸಭಾ ಕ್ಷೇತ್ರದಾಗ ಕಿತ್ತೂರು ಮತ್ತ ಖಾನಾಪುರ ಎರಡು ಬೆಳಗಾವಿ ಜಿಲ್ಲಾದ್ದು. ನಮ್ಮ ಡಿಸಿ ಆಫೀಸ್ ಬೆಳಗಾವಿ, ನಮ್ಮ ಬಜಾರ ಬೈಲಹೊಂಗಲ ಇಲ್ಲಾ ಧಾರವಾಡ, ನಮ್ಮ ಎಂಪಿ ಮಾತ್ರ ಘಟ್ಟದ ಕಡಿಯಾವ್ರು. ನಮ್ಮ ಹೊಲದಾಗ ಸೋಯಾಬೀನ್, ಕಬ್ಬು, ಕಡ್ಲಿ. ಅತಿಕ್ರಮಣ ಸಕ್ರಮ ಅಂತ ನೀವು ಹೇಳಿದ್ರ ನಮ್ಮ ಊರಾಗ ಅದು ಏನು ಅಂತ ಕೇಳ್ತಾರ. ಮಹದಾಯಿ ನೀರು ಅಂತ ನಾವು ಹೇಳಿದ್ರ ನಿಮ್ಮ ಭಟ್ಕಳದಾಗ ಯಾರಿಗೆ ಬೇಕಾಗೇತ್ರಿ? ಖಾನಾಪುರದಾಗ ಮತ್ತ ಬ್ಯಾರೆ, ಅಲ್ಲಿ ಮರಾಠಿ ಮಂದಿ ಜಾಸ್ತಿ, ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ದ ಜೋರ ಇದ್ದ ಜಾಗ ಅದು, ಗಡಿ ತಂಟೆ ಅವ್ರ ಮನಿ ಮಾತು.

ಅದಕ್ಕ ನನಗ ಅನ್ನಿಸೂದು ಇಷ್ಟ. ಇಷ್ಟು ತರದ ಮಂದಿ ಒಂದ ಕಡೆ ಸೇರ್ಸಿದ್ರ, ಒಬ್ಬ ಅಭ್ಯರ್ಥಿ ಬಂದು ಎಲ್ಲಾರಿಗೂ ತಿಳಿಯೂ ಹಂಗ ಮಾತಾಡಬೇಕಂದ್ರ ಧರ್ಮ, ದೇಶ, ಪ್ರಧಾನಿ ಯಾರು ಅನ್ನೂದ ಬಿಟ್ರ ಬ್ಯಾರೆ ಮಾತು ಇಲ್ಲ. ಊರಿನ ಮಾತು ಆಡಿದ್ರ ಎಂಟರಾಗ ಒಂದು ಕಡೆ ಮಾತ್ರ ಚಪ್ಪಾಳಿ ಬೀಳ್ತಾವ. 2024ರಾಗ ಕಾಂಗ್ರೆಸ್ಸಿನವ್ರು ನಮ್ಮ ಕಡಿಯಾವ್ರನ್ನ, ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವ್ರನ್ನ ನಿಲ್ಸಿದ್ರು. ಡಾಕ್ಟರ್ ಅವ್ರು, ಆಸ್ಪತ್ರಿ ವಿಷಯಾನೂ ಎತ್ತಬಹುದಿತ್ತು. ಆದ್ರ ಕರಾವಳಿ ಮಂದಿಗೆ ಅವ್ರು ಹೊರಗಿನವ್ರು ಅನ್ನಿಸ್ತು. 3,37,428 ಓಟಿನ ಅಂತರ ಆತು. ನಮಗ ಪ್ರತಿ ಸಲ ಹೊರಗಿನವ್ರ ಎಂಪಿ ಆಗ್ಯಾರ, ನಾವು ಓಟು ಹಾಕೇವಿ, ಅದನ್ನ ಯಾರೂ ಕೇಳಿಲ್ಲ.

ಮಲ್ಲಿಗೆ ಹಿತ್ತಲು (ಭಟ್ಕಳ)

ಕಿತ್ತೂರಿನವರು ಹೇಳಿದ್ದು ನನ್ನ ಮನಸ್ಸಿಗೆ ತಾಗಿತು. ನಿಜ, ಮಹದಾಯಿ ಬಗ್ಗೆ ನಾನು ಇಷ್ಟು ವರ್ಷದಲ್ಲಿ ಒಂದು ದಿನವೂ ಯೋಚನೆ ಮಾಡ್ಲಿಲ್ಲ.

ಭಟ್ಕಳದ ಬಗ್ಗೆ ನಾನೇ ಬರೀತೇನೆ, ಬೇರೆಯವರು ಬರೆದ್ರೆ ಯಾವಾಗ್ಲೂ ಅರ್ಧ ಬರೀತಾರೆ. 1993ರ ಗಲಭೆ ಟೈಮಲ್ಲಿ ನಾನು ಏಳನೇ ಕ್ಲಾಸು. ತಿಂಗಳುಗಟ್ಟಲೆ ಕರ್ಫ್ಯೂ, ಶಾಲೆ ಬಂದ್. ನಮ್ಮ ಮನೆಯಲ್ಲಿ ಮಲ್ಲಿಗೆ ಹಿತ್ತಲು, ಬೆಳಗ್ಗೆ ಕೊಯ್ದ ಮೊಗ್ಗು ಮಾರ್ಕೆಟಿಗೆ ಹೋಗದೆ ಮಧ್ಯಾಹ್ನದೊಳಗೆ ಮೊರದಲ್ಲೇ ಕಂದಿ ಹೋಗ್ತಿತ್ತು, ಅಮ್ಮ ಮರುದಿನ ಮತ್ತೆ ಕೊಯ್ತಿದ್ರು, ಕೊಯ್ಯದೆ ಬಿಟ್ರೆ ಗಿಡ ಹಾಳಾಗ್ತದೆ ಅಂತ. ಮಾರಾಟ ಇಲ್ಲದ ಹೂವು ಕೊಯ್ಯೋದು ಎಂಥ ಸಂಕಟ ಅಂತ ಹೂವು ಬೆಳೆದವರಿಗೆ ಗೊತ್ತು. 1996ರ ಏಪ್ರಿಲಲ್ಲಿ ನಮ್ಮ ಶಾಸಕರು ಡಾ. ಯು. ಚಿತ್ತರಂಜನ್ ಅವರನ್ನ ಗುಂಡು ಹಾರಿಸಿ ಕೊಂದ್ರು. ಬಡವರ ಡಾಕ್ಟರು ಅಂತ ಹೆಸರಿದ್ದವರು, ನಂಗೂ ಸಣ್ಣವಳಿದ್ದಾಗ ಮದ್ದು ಕೊಟ್ಟಿದ್ರು. ಲೋಕಸಭೆ ಎಲೆಕ್ಷನ್ನಿಗೆ ಕೆಲವೇ ದಿನ ಇತ್ತು. ಆ ದುಃಖ, ಆ ಸಿಟ್ಟು ಎಲ್ಲ ಇಟ್ಕೊಂಡೇ ಜನ ಬೂತಿಗೆ ಹೋದ್ರು. ಆ ಸಲ ಈ ಕ್ಷೇತ್ರದಲ್ಲಿ ಮೊದಲ ಬಾರಿ ಬಿಜೆಪಿ ಗೆದ್ದದ್ದು. ಅದನ್ನ ಬರೇ ಪ್ರಚಾರದಿಂದ ಆಯ್ತು ಅಂತ ಹೇಳಿದ್ರೆ ನಮ್ಮ ಊರಿನ ನೋವನ್ನ ಸಣ್ಣದು ಮಾಡಿದ ಹಾಗೆ.

ಆದ್ರೆ ಆಮೇಲೆ ಆ ನೋವನ್ನ ಪ್ರತಿ ಎಲೆಕ್ಷನ್ನಿಗೂ ಹೊರಗೆ ತೆಗೆದ್ರು, ಅದು ನಂಗೆ ಸರಿ ಕಾಣಲಿಲ್ಲ, ಈಗ್ಲೂ ಕಾಣೂದಿಲ್ಲ. ನಮ್ಮೂರಲ್ಲಿ ನವಾಯತ ಮುಸ್ಲಿಮರ ಅಂಗಡಿ ಎದುರು ನಾಯ್ಕರ ಹೂವಿನ ಬುಟ್ಟಿ ಇವತ್ತಿಗೂ ಇರ್ತದೆ, ಹೂವು ಎರಡೂ ಮನೆಗೆ ಹೋಗ್ತದೆ. ಹೊರಗಿನವರಿಗೆ ಭಟ್ಕಳ ಅಂದ್ರೆ ಒಂದೇ ಸುದ್ದಿ. ನಮಗೆ ಬೇಕಾದ್ದು ಹೂವು ಸಂಜೆಯೊಳಗೆ ಮಂಗಳೂರಿಗೆ ಮುಟ್ಟೋ ದಾರಿ, ಮಕ್ಕಳಿಗೆ ಕೊಲ್ಲಿ ದೇಶಕ್ಕೆ ಹೋಗದೆ ಸಿಗೋ ಕೆಲಸ. ಅದು ಎರಡೂ ಕೇರಿಯವರಿಗೆ ಬೇಕು.

ಅಘನಾಶಿನಿ ದಂಡೆ (ಕುಮಟಾ)

ಎಲ್ಲರಿಗೂ ಧನ್ಯವಾದ, ನಿಜವಾಗಿ ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ, ಅಮ್ಮಂಗೆ ಎಲ್ಲ ಓದಿ ಹೇಳಿದೆ. ಭಟ್ಕಳದ ಅಕ್ಕ ಬರೆದದ್ದು ಓದಿ ಅಮ್ಮ ಸುಮಾರು ಹೊತ್ತು ಸುಮ್ಮನೆ ಕೂತಿದ್ರು.

ಇನ್ನೊಂದು ಅರ್ಥ ಆಗ್ತಾ ಇಲ್ಲ. 2023ರ ವಿಧಾನಸಭೆಯಲ್ಲಿ ಇದೇ ಎಂಟರಲ್ಲಿ ಐದು ಕಾಂಗ್ರೆಸ್ ಗೆದ್ದಿತ್ತು, ಕಾರವಾರ, ಭಟ್ಕಳ, ಶಿರಸಿ, ಹಳಿಯಾಳ, ಕಿತ್ತೂರು. ನಮ್ಮ ಕುಮಟಾದಲ್ಲಿ ಬಿಜೆಪಿ ಗೆದ್ರೂ ಏಳ್ನೂರಕ್ಕಿಂತ ಕಡಿಮೆ ಅಂತರ, ಅದೂ ಜೆಡಿಎಸ್ ಎದುರು. ಒಂದೇ ವರ್ಷದಲ್ಲಿ ಅದೇ ಜನ ಅದೇ ಬೂತಲ್ಲಿ ಮೂರು ಲಕ್ಷದ ಮೇಲೆ ಅಂತರ ಕೊಟ್ರು. ಶಿರಸಿಯಲ್ಲಿ 2023ರಲ್ಲಿ ಸೋತ ಕಾಗೇರಿಯವರೇ 2024ರಲ್ಲಿ ಎಂಪಿ ಆದ್ರು. ಇದು ಹೇಗೆ?

ಗಂಗಾವಳಿ (ಅಂಕೋಲಾ)

ನಾನು ಎರಡು ದಿನದಿಂದ ಓದ್ತಾ ಇದ್ದೆ, ಇದಕ್ಕೆ ಮಾತ್ರ ಉತ್ತರ ಬರೀಬೇಕು ಅನ್ನಿಸ್ತು, ಯಾಕಂದ್ರೆ ನಾನೇ ಹಾಗೆ ಓಟು ಹಾಕಿದವನು. ಅಸೆಂಬ್ಲಿಗೆ ಒಂದು ಪಕ್ಷ, ಲೋಕಸಭೆಗೆ ಇನ್ನೊಂದು. ನಮ್ಮ ಮನೆಯಲ್ಲಿ ನಾಲ್ಕು ಓಟಲ್ಲಿ ಮೂರು ಹಾಗೇ.

ಕಾರಣ ದೊಡ್ಡದೇನಲ್ಲ. ಎಂಎಲ್‌ಎ ಅಂದ್ರೆ ಮನೆ ಕಾರ್ಯಕ್ಕೆ ಬರೋರು, ಫೋನ್ ಎತ್ತೋರು, ರಸ್ತೆ, ನೀರಿನ ಟ್ಯಾಂಕಿ, ಟ್ರಾನ್ಸ್‌ಫರ್ ಇವರ ಹತ್ರ ಹೇಳೋದು. ಅಲ್ಲಿ ಜಾತಿ, ಸಂಬಂಧ, ಉಪಕಾರ ಎಲ್ಲ ಲೆಕ್ಕಕ್ಕೆ ಬರ್ತದೆ. ಹಳಿಯಾಳದಲ್ಲಿ ಆರ್.ವಿ. ದೇಶಪಾಂಡೆಯವರು 1983ರಿಂದ ಒಂದೆರಡು ಸಲ ಬಿಟ್ರೆ ಗೆಲ್ತಾನೇ ಬಂದಿದ್ದಾರೆ, ಆದ್ರೆ 2014ರಲ್ಲಿ ಮಗ ಪ್ರಶಾಂತ ದೇಶಪಾಂಡೆಯವರನ್ನ ಲೋಕಸಭೆಗೆ ನಿಲ್ಲಿಸಿದಾಗ ಒಂದು ಲಕ್ಷದ ನಲವತ್ತು ಸಾವಿರದ ಮೇಲೆ ಅಂತರದಲ್ಲಿ ಸೋಲು. ಉಪಕಾರದ ಲೆಕ್ಕ ಎಂಪಿ ಓಟಿಗೆ ಬರ್ಲಿಲ್ಲ. ಎಂಪಿ ಓಟು ಹಾಕುವಾಗ ನಾವು ಮನಸ್ಸಲ್ಲಿ ಇಲ್ಲಿ ನಿಂತವರಿಗೆ ಹಾಕೂದಿಲ್ಲ, ದಿಲ್ಲಿಯಲ್ಲಿ ಕೂರೋರಿಗೆ ಹಾಕ್ತೇವೆ. 2009ರಲ್ಲಿ ಅಂತರ ಬರೀ 22,769, ಎದುರಿಗೆ ಮಾರ್ಗರೆಟ್ ಆಳ್ವ. 2019ಕ್ಕೆ ಅದು 4,79,649 ಆಯ್ತು, ಎದುರಿಗೆ ಆನಂದ ಅಸ್ನೋಟಿಕರ್. ಅಭ್ಯರ್ಥಿ ಅದೇ ಹೆಗಡೆಯವರು, ಕ್ಷೇತ್ರ ಅದೇ, ಬದಲಾದ್ದು ದಿಲ್ಲಿ. ಹಾಗೆ 1999ರಲ್ಲಿ ಆಳ್ವರು ಗೆದ್ದಾಗ ಅಸೆಂಬ್ಲಿ ಲೋಕಸಭೆ ಒಟ್ಟಿಗೆ ಎಲೆಕ್ಷನ್, ರಾಜ್ಯದಲ್ಲಿ ಕಾಂಗ್ರೆಸ್ ಗಾಳಿ ಇತ್ತು, ಎರಡು ಮತಪತ್ರ ಒಟ್ಟಿಗೆ ಕೈಗೆ ಸಿಕ್ಕಾಗ ಜನ ಎರಡಕ್ಕೂ ಒಂದೇ ಕಡೆ ನೋಡಿದ್ರು ಅಂತ ನಂಗೆ ಕಾಣ್ತದೆ.

ಇನ್ನೊಂದು, ಮಾಸ್ತರರು ಅಂದ ಹಾಗೆ ದಿಲ್ಲಿ ವಿಷಯ ನಮಗೆ ಜಾಸ್ತಿ ಹೌದು, ಆದ್ರೆ ನಮ್ಮೊಳಗೇ ಒಮ್ಮತ ಇಲ್ಲ. ಹುಬ್ಬಳ್ಳಿ ಅಂಕೋಲಾ ರೈಲು ಅಂತ ನಾನು ಶಾಲೆಗೆ ಹೋಗುವಾಗಿಂದ ಕೇಳ್ತಾ ಇದ್ದೇನೆ. ನಮಗೆ ಆ ರೈಲು ಬೇಕು, ಬಂದರಿಗೆ ಸರಕು ಬರ್ತದೆ, ಮಕ್ಕಳಿಗೆ ಹುಬ್ಬಳ್ಳಿ ಎರಡು ಮೂರು ತಾಸಲ್ಲಿ ಸಿಗ್ತದೆ. ಘಟ್ಟದ ಮೇಲಿನವರಲ್ಲಿ ಬಹಳ ಜನ ಬೇಡ ಅಂತಾರೆ, ಕಾಡು ಹೋಗ್ತದೆ, ಆನೆ ಹುಲಿ ದಾರಿ ತಪ್ತದೆ ಅಂತ. 1983ರಲ್ಲಿ ಸಲ್ಕಣಿ ಹತ್ರ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಮಾಡಿದ ಜಾಗ ಅದು, ಅವರ ಮಾತಲ್ಲೂ ಸತ್ಯ ಉಂಟು ಅಂತ ನಾನು ಒಪ್ಕೊಂಡದ್ದು ತಡವಾಗಿ. 2024ರ ಜುಲೈ 16ಕ್ಕೆ ನಮ್ಮ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತಲ್ಲ, ಅಲ್ಲಿದ್ದ ಚಹಾ ಅಂಗಡಿಯಲ್ಲಿ ನಾನು ಎಷ್ಟೋ ಸಲ ಲಾರಿ ನಿಲ್ಲಿಸಿ ಚಹಾ ಕುಡಿದಿದ್ದೆ. ಅಂಗಡಿ, ಮನೆಯವರು, ನಿಂತಿದ್ದ ಗಾಡಿ ಎಲ್ಲ ಗಂಗಾವಳಿಗೆ ಹೋಯ್ತು. ಹೊಳೆ ಆಚೆ ಉಳುವರೆ ಮನೆಗಳಿಗೂ ನೀರು ನುಗ್ಗಿತು. ಗುಡ್ಡದ ಬುಡ ಕತ್ತರಿಸಿದ್ರೆ ಏನಾಗ್ತದೆ ಅಂತ ಆ ದಿನ ನಂಗೆ ಗೊತ್ತಾಯ್ತು. ಹಾಗಂತ ರೈಲು ಬೇಡ ಅಂತ ಹೇಳೂಕೂ ಬಾಯಿ ಬರೂದಿಲ್ಲ, ನಿಮ್ಮ ಅಪ್ಪನಂಥವರು ಹುಬ್ಬಳ್ಳಿಗೆ ಬೇಗ ಮುಟ್ಟಬೇಕಲ್ಲ. ಎಂಪಿ ಆದವರು ಇಂಥ ಕಡೆ ಎರಡೂ ಕಡೆಯವರನ್ನ ಕೂರಿಸಿ ಮಾತಾಡಬೇಕಿತ್ತು. ಯಾವ ಪಕ್ಷದವರ ಕಾಲದಲ್ಲೂ ನಾನು ಅಂಥ ಸಭೆಗೆ ಕರೆಸಿಕೊಂಡಿಲ್ಲ.

ಮತ್ತೆ ನಮ್ಮ ಅಂಕೋಲಾಕ್ಕೆ ಮೊದ್ಲು ಸ್ವಂತ ವಿಧಾನಸಭಾ ಕ್ಷೇತ್ರ ಇತ್ತು, ಕಾಗೇರಿಯವರು ಮೊದ್ಲು ಶಾಸಕರಾದದ್ದೇ ಅಂಕೋಲಾದಿಂದ. 2008ರ ವಿಂಗಡಣೆಯಲ್ಲಿ ಅದು ಹೋಗಿ ಯಲ್ಲಾಪುರ ಕ್ಷೇತ್ರ ಆಯ್ತು. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಮಾಡಿದ ಊರಿಗೆ ಹೆಸರಿನ ಒಂದು ಕ್ಷೇತ್ರ ಇಲ್ಲ ಅನ್ನೋದು ನಮ್ಮ ಹಿರಿಯರಿಗೆ ಈಗ್ಲೂ ಬೇಸರ.

ಸೊಪ್ಪಿನಬೆಟ್ಟ (ಶಿರಸಿ)

ಕಾರವಾರದವರೆ, 1989 ನಾನು ಮರೆತದ್ದು ತಪ್ಪಾಯ್ತು. ಆ ವರ್ಷ ನಾನು ಘಟ್ಟದ ಕೆಳಗೆ ಡ್ಯೂಟಿಯಲ್ಲಿದ್ದೆ, ಮತಪತ್ರದಲ್ಲಿ ಕಾರಂತರ ಹೆಸರು ನೋಡಿದ ನೆನಪು ಈಗ ಬಂತು.

ಅಂಕೋಲೆಯವರು ರೈಲಿನ ಬಗ್ಗೆ ಹೇಳಿದ್ದಕ್ಕೆ ನಾನು ಬೇಡ ಅನ್ನೋರ ಪೈಕಿ. ಬೇಡ್ತಿ ಹೊಳೆಯ ವಿದ್ಯುತ್ ಯೋಜನೆ ಕಾಲದಿಂದ ನಾವು ನೋಡ್ತಾ ಬಂದಿದ್ದು, ಒಮ್ಮೆ ಹೋದ ಕಾಡು ಬರೂದಿಲ್ಲೆ. ಆದ್ರೆ ನೀವು ಕೂತು ಮಾತಾಡೋಣ ಅಂದ್ರೆ ನಾನು ಅಂಕೋಲೆಗೆ ಬರ್ತೆ, ನಮ್ಮ ಕಡೆಯಿಂದ ಇನ್ನೂ ನಾಲ್ಕು ಜನರನ್ನ ಕರ್ಕಂಡು ಬರ್ತೆ. ಎಂಪಿ ಕರೆಯದೆ ಇದ್ರೆ ನಾವೇ ಕರ್ಕಳನ.

ಕಿತ್ತೂರಿನವರು ಹೇಳಿದ್ದಕ್ಕೆ ನಂಗೆ ಉತ್ತರ ಇಲ್ಲೆ. ಅವರು ಹೇಳಿದ್ದು ಸರಿ.

ಕುಮಟಾದ ತಮಾ, ನಿಂಗೆ ಹಳೇದು ತಿಳಿಯೂ ಆಸೆ ಇದ್ರೆ ಒಂದು ಕೆಲಸ ಮಾಡು. ನಮ್ಮ ಮನೆಯಿಂದ ಎರಡು ಮನೆ ಆಚೆ ಒಬ್ಬ ಅಜ್ಜ ಇದ್ದಾರೆ, 1967ರಲ್ಲಿ ದಿನಕರ ದೇಸಾಯಿಯವರ ಪ್ರಚಾರಕ್ಕೆ ಸೈಕಲ್ ಮೇಲೆ ಊರೂರು ತಿರುಗಿದವರು. ಕಿವಿ ಸ್ವಲ್ಪ ಮಂದ, ನೆನಪು ಚೊಕ್ಕ ಇದ್ದು. ಯಾವ ಊರಲ್ಲಿ ಯಾರು ಆಸ್ರಿಗೆ (ಕುಡಿಯಲು) ಕೊಟ್ರು, ಯಾರು ಬಾಗಿಲು ಹಾಕಿದ್ರು ಎಲ್ಲ ಹೇಳ್ತಾರೆ. ಭಾನುವಾರ ಬಾ, ಅಮ್ಮನನ್ನೂ ಕರ್ಕಂಡು ಬಾ, ಊಟ ನಮ್ಮಲ್ಲೇ. ದೇವಿಮನೆ ಘಟ್ಟದಲ್ಲಿ ಮಳೆ ಇದ್ರೆ ಬೆಳಗ್ಗೆ ಬೇಗ ಹೊರಡು.

ಅಘನಾಶಿನಿ ದಂಡೆ (ಕುಮಟಾ)

ಬರ್ತೇವೆ ಮಾಸ್ತರೆ. ಅಪ್ಪನೂ ಬರ್ತೇನೆ ಅಂತಿದ್ದಾರೆ, ಡಾಕ್ಟರ್ ಹತ್ರ ಘಟ್ಟ ಹತ್ತಬಹುದಾ ಅಂತ ಕೇಳಿ ತಿಳಿಸ್ತೇನೆ.